ಬೆಳಗಿನ ಜಾವ ನಾಲ್ಕೂವರೆಯೊಂದಿಗೆ ನಾಲ್ಕು ಮಾತು

ಹಳೆಯ ಕನ್ನಡ ಸಿನಿಮಾದ ಹುಚ್ಚಿರುವ ನಾಲ್ಕು ಜನ ಎಲ್ಲಿ ಸೇರಿದರೂ ಐದನೇ ನಿಮಿಷಕ್ಕೆ ಟೀವಿಯವರಿಗೆ ಮಂಗಳಾರತಿ ಶುರುವಾಗುತ್ತದೆ. 'ಅಣ್ಣಾವ್ರ ಸಿನಿಮಾನ ಕೋಳಿ ಕೂಗೋ ಹೊತ್ತಿಗೆ ಹಾಕ್ತಾರಲ್ರೀ, ಇವರಿಗೇನು ಬಂದಿದೆ?' ಎಂಬುದು ಪಲ್ಲವಿ. ಕನ್ನಡದ ಒಂದು ಸಿನಿಮಾ ವಾಹಿನಿಯಲ್ಲಿ (ಹೆಸರು ಬೇಡ, ಹೇಳಿದರೆ ಉಳಿದವರು ಬೇಜಾರು ಮಾಡಿಕೊಳ್ಳುತ್ತಾರೆ) ಕಪ್ಪು-ಬಿಳುಪು ಚಿತ್ರಗಳಿಗೆಂದೇ ಗೊತ್ತುಮಾಡಿರುವ ಸ್ಲಾಟು ಬೆಳಗಿನ ಜಾವದ ನಾಲ್ಕೂವರೆ. ಬೈಗುಳವೆಲ್ಲ ಬಂದು ಬೀಳುವುದು ಇವರ ತಲೆಯ ಮೇಲೆ. ಆರೋಪಿಯ ಹೇಳಿಕೆಯನ್ನೂ ದಾಖಲಿಸಬೇಕಲ್ಲ ಎಂದು ಸಂದರ್ಶನ ಕೇಳಿದೆವು. ಬೇರೆ ಹೊತ್ತಿನಲ್ಲಿ ತಮಗೆ ಅಸ್ತಿತ್ವವೇ ಇಲ್ಲವೆಂದು ತಿಳಿಸಿ, ಸಿಗುವ ವೇಳೆಯನ್ನು ಅವರೇ ಹೇಳಿ ಕಳಿಸಿದರು.

ನಮಸ್ಕಾರ. ಅಪವೇಳೆಯಲ್ಲಿ ಬಂದು ತೊಂದರೆ ಕೊಟ್ಟೆವೇನೋ?

ಅಪವೇಳೆ ನಿಮಗೆ ಸ್ವಾಮಿ, ನನಗಿದು ಡ್ಯೂಟಿ ಟೈಮು. ಬನ್ನಿ, ಕೂತ್ಕೊಳ್ಳಿ. ಸ್ವಲ್ಪ ಮೆಲ್ಲಗೆ ಮಾತಾಡಿ, 'ಸ್ಕೂಲ್ ಮಾಸ್ಟರ್' ಓಡ್ತಾ ಇದೆ. 1958ರದು. ಪಂತುಲು ಮೇಷ್ಟ್ರ ಮುಂದೆ ಗಲಾಟೆ ಮಾಡಿದ್ರೆ ಚೆನ್ನಾಗಿರಲ್ಲ.

ಡಾ. ರಾಜ್, ಕಲ್ಪನಾ, ಲೀಲಾವತಿ, ಬಾಲಕೃಷ್ಣ ಅಂಥವರನ್ನೆಲ್ಲ ಈ ಕತ್ತಲಲ್ಲಿ ಕೂಡಿಹಾಕಿದ್ದೀರಿ ಅನ್ನೋದು ನಿಮ್ಮ ಮೇಲಿನ ಆರೋಪ.

ನಾನು ಯಾರನ್ನೂ ಕೂಡಿಹಾಕಿಲ್ಲ. ಬೇರೆ ಕಡೆ ಜಾಗ ಇಲ್ಲ ಅಂದವರಿಗೆ ಬಾಗಿಲು ತೆಗೆದಿದ್ದೀನಿ, ಅಷ್ಟೆ. ಲೆಕ್ಕ ಹಾಕಿ ನೋಡಿ. ಸಂಜೆ ಆರರಿಂದ ಹತ್ತೂವರೆವರೆಗೆ ಹೊಸ ಸಿನಿಮಾ, ಇಲ್ಲವಾದರೆ ತೆಲುಗಿನಿಂದ ಡಬ್ ಆಗಿ ಬಂದದ್ದು. ಮಧ್ಯಾಹ್ನ ಅದೇ ಸಿನಿಮಾದ ಮರುಪ್ರಸಾರ. ರಾತ್ರಿ ಹನ್ನೆರಡರ ಮೇಲೆ ಟೆಲಿಶಾಪಿಂಗ್. ಹೊಟ್ಟೆ ಕರಗಿಸೋ ಬೆಲ್ಟು, ಕೂದಲು ಬರಿಸೋ ಎಣ್ಣೆ. ಆರೂವರೆಗೆ ಜ್ಯೋತಿಷಿಗಳು ಬರ್ತಾರೆ. ಮಧ್ಯೆ ಉಳಿದ ಸಂದಿ ನಾನು.

ನಮ್ಮಲ್ಲಿ ವಾರದ ಕಾರ್ಯಕ್ರಮಪಟ್ಟಿಗೆ ಎಫ್‌ಪಿಸಿ ಅಂತಾರೆ. ಸಂಜೆ ಸ್ಲಾಟಿನ ಮುಂದೆ ಸಿನಿಮಾದ ಹೆಸರು, ಹೀರೋ ಹೆಸರು, ಹೋದ ಸಲ ಬಂದ ರೇಟಿಂಗು ಎಲ್ಲ ಬರೆದಿರ್ತಾರೆ. ನನ್ನ ಮುಂದೆ ಏನಿರುತ್ತೆ ಗೊತ್ತಾ? 'ಬಿ ಅಂಡ್ ಡಬ್ಲ್ಯೂ – ಎನಿ'. ಯಾವುದಾದರೂ ಸರಿ ಅಂತ! ಹೋದ ತಿಂಗಳು ಒಂದೇ ಸಿನಿಮಾ ಮೂರು ದಿನ ಸತತವಾಗಿ ಬಂತು. ಫೋನ್ ಮಾಡಿ ಕೇಳಿದವರು ಯಾರೂ ಇಲ್ಲ. ನನಗೆ ಮಾತ್ರ ಡೈಲಾಗೆಲ್ಲ ಬಾಯಿಪಾಠ ಆಯಿತು.

ಈ ಪಟ್ಟಿ ಮಾಡುವವರು ಯಾರು?

ಒಬ್ಬ ಹುಡುಗ. ಪಾಪ, ಒಳ್ಳೆಯವನೇ. 2000ದ ಈಚೆಗೆ ಹುಟ್ಟಿದವನು. ಅವನಿಗೆ 'ಯಜಮಾನ' ಹಳೇ ಸಿನಿಮಾ, 'ನಾಗರಹಾವು' ಪುರಾತತ್ವ ಇಲಾಖೆಗೆ ಸೇರಿದ್ದು. 'ಬೇಡರ ಕಣ್ಣಪ್ಪ' ಅಂದ್ರೆ ಅದು ಸಿನಿಮಾನಾ, ಶಾಸನನಾ ಅಂತ ಗೂಗಲ್ ಮಾಡ್ತಾನೆ. ಒಂದು ಸಲ 'ಸಾಕ್ಷಾತ್ಕಾರ'ದ ವಿವರ ತುಂಬುವಾಗ ಪೃಥ್ವಿರಾಜ್ ಕಪೂರ್ ಹೆಸರು ನೋಡಿ, ಇದು ಹಿಂದಿ ಡಬ್ಬಿಂಗು ಅಂತ ಪಕ್ಕಕ್ಕಿಟ್ಟಿದ್ದ. ಪುಟ್ಟಣ್ಣ ಕಣಗಾಲರ 1971ರ ಸಿನಿಮಾ ಕಣಪ್ಪಾ, ರಾಜ್‌ಕುಮಾರ್ ತಂದೆಯಾಗಿ ಕಪೂರ್ ಮನೆತನದ ಹಿರಿಯರೇ ಬಂದು ಮಾಡಿದ್ದಾರೆ ಅಂತ ಹೇಳೋಣ ಅಂದ್ರೆ, ಸ್ಲಾಟಿಗೆ ಬಾಯಿ ಎಲ್ಲಿದೆ?

ನಿಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಿ.

ನಮ್ಮಪ್ಪ ದೂರದರ್ಶನದ ವಾರದ ಸಿನಿಮಾ. ಬೆಂಗಳೂರು ಕೇಂದ್ರ ಶುರುವಾದದ್ದು 1981ರ ನವೆಂಬರ್ 1, ರಾಜ್ಯೋತ್ಸವದ ದಿನ. ವಾರಕ್ಕೊಂದೇ ಕನ್ನಡ ಸಿನಿಮಾ. ನಮ್ಮಪ್ಪನ ದರ್ಬಾರು ಏನು ಕೇಳ್ತೀರಿ! ಬೀದಿಗೊಂದು ಟೀವಿ. ಟೀವಿ ಇದ್ದ ಮನೆಯವರಿಗೆ ಆ ಸಂಜೆ ಜಮಖಾನ ಹಾಸಿ, ಚಪ್ಪಲಿ ಹೊರಗೆ ಬಿಡಿ ಅಂತ ಹೇಳೋದೇ ಕೆಲಸ. ನಡುವೆ ವಾರ್ತೆ ಬಂದರೆ ಹೆಂಗಸರು ಎದ್ದು ಹೋಗಿ ಅನ್ನಕ್ಕಿಟ್ಟು ಬರ್ತಿದ್ರು. 'ರುಕಾವಟ್ ಕೇ ಲಿಯೇ ಖೇದ್ ಹೈ' ಅಂತ ಬಂದ್ರೆ ಅದನ್ನೂ ಕಣ್ಣು ಮಿಟುಕಿಸದೆ ನೋಡ್ತಿದ್ರು. ಭಾನುವಾರ ಮಧ್ಯಾಹ್ನ ನಮ್ಮ ಚಿಕ್ಕಪ್ಪನ ಪಾಳಿ. ದೆಹಲಿಯಿಂದ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಸಿನಿಮಾ, ಕೆಳಗೆ ಇಂಗ್ಲಿಷ್ ಅಕ್ಷರ. ಅಸ್ಸಾಮಿ, ಮಲಯಾಳ, ಒಡಿಯಾ ಎಲ್ಲ ಬರ್ತಿತ್ತು. ಕನ್ನಡದ ಸರದಿ ಬಂದ ವಾರ ಅಕ್ಕಪಕ್ಕದ ತಮಿಳರಿಗೆ, ಮರಾಠಿಗರಿಗೆ ನಾವೇ ಕಥೆ ಹೇಳ್ತಿದ್ವಿ.

1994ರಲ್ಲಿ ಉದಯ ಟೀವಿ ಬಂತು. ಆಮೇಲೆ ಸಾಲು ಸಾಲು. ದಿನಕ್ಕೆ ನಾಲ್ಕು, ಐದು ಸಿನಿಮಾ. ನಮ್ಮ ಮನೆತನ ಬೆಳೀತು, ಮರ್ಯಾದೆ ಇಳೀತು.

ನೀವು ಹಾಕುವ ಸಿನಿಮಾಗಳನ್ನು ನೋಡುವವರಾದರೂ ಇದ್ದಾರಾ?

ಇದ್ದಾರೆ ಸ್ವಾಮಿ. ಯಾಕಿಲ್ಲ? ಆಸ್ಪತ್ರೆ ವಾರ್ಡಿನಲ್ಲಿ ರೋಗಿ ಪಕ್ಕ ಕೂತು ಬೆಳಗು ಮಾಡುವವರು. ಎಟಿಎಂ ಕಾವಲಿನವರು ಮೊಬೈಲಲ್ಲಿ. ನಿದ್ದೆ ಬಾರದ ಅಜ್ಜಿಯಂದಿರು. ಅವರು ಸೌಂಡ್ ಪೂರ್ತಿ ಇಳಿಸಿ ನೋಡ್ತಾರೆ, ಸೊಸೆ ಎದ್ದಾಳು ಅಂತ. ಮಾತೆಲ್ಲ ಗೊತ್ತಿರೋದರಿಂದ ಸೌಂಡ್ ಬೇಕಾಗೂ ಇಲ್ಲ. ಇನ್ನೊಂದು ಗುಟ್ಟು ಹೇಳ್ತೀನಿ. ಇಲ್ಲಿ ನಾನು ಬೆಳಗಿನ ಜಾವ. ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ನಾನು ಹಿಂದಿನ ದಿನದ ಸಂಜೆ ಏಳು ಗಂಟೆ, ಪಕ್ಕಾ ಪ್ರೈಮ್ ಟೈಮು! ಮೊಮ್ಮಗು ನೋಡ್ಕೊಳ್ಳೋಕೆ ಅಂತ ಹೋಗಿ ಆರು ತಿಂಗಳು ಸಿಕ್ಕಿಹಾಕಿಕೊಂಡಿರೋ ಅಜ್ಜ-ಅಜ್ಜಿಯರಿಗೆ ಸಂಜೆ ಊಟದ ಜೊತೆ ನಾನೇ. ಕ್ಯಾಲಿಫೋರ್ನಿಯಾದವರಿಗೆ ಕಾಫಿ ಜೊತೆ. ಇದನ್ನು ನಮ್ಮ ಹುಡುಗನಿಗೆ ಹೇಳಬೇಡಿ. ಡಾಲರ್ ವಾಸನೆ ಬಂದ್ರೆ ಇಲ್ಲೂ ಬೆಲ್ಟು ಮಾರೋಕೆ ಶುರುಮಾಡ್ತಾರೆ.

ಮತ್ತೆ ಹಳೇ ಸಿನಿಮಾ ಅಭಿಮಾನಿಗಳು? ಅವರು ಎದ್ದು ನೋಡುತ್ತಾರಾ?

(ದೀರ್ಘ ನಗು. ಪಂತುಲು ಅವರಿಗೆ ಕೇಳಿಸಿತೇನೋ ಎಂದು ಆಮೇಲೆ ಬಾಯಿ ಮುಚ್ಚಿಕೊಂಡರು.)

ಆ ಮಹನೀಯರ ವಿಷಯ ಹೇಳ್ತೀನಿ ಕೇಳಿ. ಮಲ್ಲೇಶ್ವರದ ಪಾರ್ಕೊಂದರ ಕಲ್ಲುಬೆಂಚು. ರಿಟೈರಾದ ಬ್ಯಾಂಕಿನವರೊಬ್ಬರು, ವಕೀಲರೊಬ್ಬರು, ಬಿಇಎಲ್‌ನಲ್ಲಿದ್ದವರಿಬ್ಬರು. ವಾಕಿಂಗ್ ಒಂದು ಸುತ್ತು, ಸಿನಿಮಾ ಮಾತು ಮೂರು ಸುತ್ತು. ಸಿಐಡಿ 999 ಮೊದಲು ಬಂದದ್ದು 'ಜೇಡರ ಬಲೆ'ಯಲ್ಲೋ 'ಗೋವಾದಲ್ಲಿ ಸಿಐಡಿ 999'ರಲ್ಲೋ ಅಂತ ಜಗಳ. ಎರಡೂ 1968ರವೇ, ಅದಕ್ಕೇ ಜಗಳಕ್ಕೆ ಅಷ್ಟು ರುಚಿ. 'ಜೇಡರ ಬಲೆ'ಯೇ ಮೊದಲು ಅಂತ ತೀರ್ಪಾಗೋ ಹೊತ್ತಿಗೆ ವಕೀಲರು, 'ಬಂಗಾರದ ಮನುಷ್ಯ'ವನ್ನು ಸ್ಟೇಟ್ಸ್ ಟಾಕೀಸಿನಲ್ಲಿ ಯಾರು ಎಷ್ಟು ಸಲ ನೋಡಿದರು ಅನ್ನೋ ಪ್ರಕರಣ ಎತ್ತುತ್ತಾರೆ. ಪ್ರತಿಯೊಬ್ಬರ ಲೆಕ್ಕವೂ ಪ್ರತಿವರ್ಷ ಒಂದೊಂದು ಹೆಚ್ಚಾಗ್ತಾ ಇದೆ. ಕಲ್ಪನಾ, ಜಯಂತಿ, ಭಾರತಿ ಅಂತ ಮೂರು ಪಕ್ಷ. ಅಲ್ಲಿ ಸಮ್ಮಿಶ್ರ ಸರ್ಕಾರ ಯಾವತ್ತೂ ಆಗಲ್ಲ.

ಎಲ್ಲ ಮುಗಿದ ಮೇಲೆ ಒಬ್ಬರು ಕೇಳ್ತಾರೆ: 'ಇವತ್ತು ಬೆಳಿಗ್ಗೆ "ಗೆಜ್ಜೆಪೂಜೆ" ಹಾಕಿದ್ರಲ್ಲ, ನೋಡಿದ್ರಾ?' ಯಾರೂ ನೋಡಿರಲ್ಲ. 'ಆ ಹೊತ್ತಿಗೆ ಯಾರು ಏಳ್ತಾರ್ರೀ' ಅಂತಾರೆ. ಅಲ್ಲ, ಐದೂಕಾಲಿಗೆ ಪಾರ್ಕಿಗೆ ಬರೋ ಜನ ಇವರು! 'ಮೊಬೈಲಲ್ಲಿ ಇದೆ ಬಿಡಿ' ಅಂತಾರೆ. ಮೊಬೈಲಲ್ಲೂ ನೋಡಿರಲ್ಲ. ಆಮೇಲೆ ನೋಡೋಣ ಅಂತ ಉಳಿಸಿಟ್ಟಿರ್ತಾರೆ. ಹಳೇ ಸಿನಿಮಾ ಎಲ್ಲರಿಗೂ ಬೇಕು ಸ್ವಾಮಿ, ನೋಡೋಕಲ್ಲ, ಇರಬೇಕು ಅಂತ.

ಅವರ ದೂರು ಬರೀ ಹೊತ್ತಿನ ಬಗ್ಗೆ ಅಲ್ಲ. ಸಿನಿಮಾವನ್ನು ಕತ್ತರಿಸುತ್ತೀರಿ, ಹಿಗ್ಗಿಸುತ್ತೀರಿ ಅಂತಾರೆ.

ಅದು ನಿಜ. ಅಲ್ಲಿ ನನ್ನ ತಪ್ಪಿಲ್ಲ, ಆದರೂ ನನಗೇ ಸಂಕಟ. ಆ ಕಾಲದ ಸಿನಿಮಾದ ಚೌಕಟ್ಟು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು. ಈಗಿನ ಟೀವಿ ಹದಿನಾರಕ್ಕೆ ಒಂಬತ್ತು. ಸರಿಯಾಗಿ ತೋರಿಸಬೇಕಾದರೆ ಎರಡೂ ಬದಿಗೆ ಕಪ್ಪು ಪಟ್ಟಿ ಬಿಡಬೇಕು. 'ಜಾಗ ವೇಸ್ಟ್ ಆಗುತ್ತೆ' ಅಂತ ನಮ್ಮವರು ಎರಡು ಕಡೆಗೂ ಎಳೆದುಬಿಡ್ತಾರೆ. ನರಸಿಂಹರಾಜು ಅವರ ಮೈಕಟ್ಟು ನಿಮಗೆ ಗೊತ್ತಲ್ಲ, ಗಾಳಿ ಬಂದರೆ ಹಾರೋ ಹಾಗಿದ್ದವರು. ನನ್ನ ಹತ್ತಿರ ಬಂದ್ರೆ ಜಟ್ಟಿ ಥರ ಕಾಣ್ತಾರೆ. ದ್ವಾರಕೀಶ್ ಮೊದಲೇ ಕರ್ನಾಟಕದ ಕುಳ್ಳ. ಎಳೆದ ಮೇಲೆ ಎತ್ತರಕ್ಕಿಂತ ಅಗಲವೇ ಜಾಸ್ತಿ. ಹುಣ್ಣಿಮೆ ಚಂದ್ರ ಕೋಳಿಮೊಟ್ಟೆ ಆಗಿರ್ತಾನೆ, ಅದನ್ನು ನೋಡಿಕೊಂಡು ನಾಯಕಿ ಹಾಡ್ತಿರ್ತಾಳೆ.

ಇನ್ನು ಕೆಲವರು ಎಳೆಯಲ್ಲ, ಮೇಲೆ ಕೆಳಗೆ ಕೊಯ್ತಾರೆ. ಅದು ಇನ್ನೂ ಘೋರ. ಪೌರಾಣಿಕ ಚಿತ್ರದಲ್ಲಿ ಕಿರೀಟ ಹೋಗುತ್ತೆ, ನೃತ್ಯದಲ್ಲಿ ಗೆಜ್ಜೆ ಹೋಗುತ್ತೆ. ರಾಜ ಯಾರು, ಸೇನಾಪತಿ ಯಾರು ಅಂತ ಮೀಸೆ ನೋಡಿ ಗುರುತಿಸಬೇಕು.

ಅವಧಿ ವಿಷಯಕ್ಕೆ ಬನ್ನಿ. ಸಿನಿಮಾ ಎರಡೂವರೆ ಗಂಟೆ, ನನಗೆ ಕೊಟ್ಟಿರೋದು ಎರಡು ಗಂಟೆ. ಮೊದಲು ಹೋಗೋದು ಟೈಟಲ್ ಕಾರ್ಡು. ಚಿ. ಉದಯಶಂಕರ್ ಯಾರೋ, ಜಿ.ಕೆ. ವೆಂಕಟೇಶ್ ಯಾರೋ, ನೋಡೋ ಮಕ್ಕಳಿಗೆ ಗೊತ್ತಾಗೋ ದಾರಿಯೇ ಇಲ್ಲ. ಆಮೇಲೆ ಹಾಡು. ಪಿ.ಬಿ. ಶ್ರೀನಿವಾಸ್ ಪಲ್ಲವಿ ಮುಗಿಸಿ ಚರಣಕ್ಕೆ ಉಸಿರು ಎಳ್ಕೊಳ್ಳೋ ಹೊತ್ತಿಗೆ ನಾಯಕ-ನಾಯಕಿ ಮನೆಗೆ ವಾಪಸ್ ಬಂದಿರ್ತಾರೆ. ಕೊನೆಗೆ 'ಶುಭಂ'. ಅದು ಬರೋಕೆ ಮುಂಚೆ ಜ್ಯೋತಿಷಿ ಬಂದು ಅಶುಭ ಹೇಳೋಕೆ ಶುರು ಮಾಡಿರ್ತಾರೆ.

ಇಷ್ಟರ ಮೇಲೆ ಜಾಹೀರಾತು ಬೇರೆ.

ಆ ಮಾತು ನನಗೆ ಅನ್ವಯಿಸಲ್ಲ. ನನ್ನ ಹೊತ್ತಿಗೆ ಜಾಹೀರಾತು ಕೊಡೋ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ನನ್ನ ಹತ್ತಿರ ಬಂದ ಸಿನಿಮಾ ನಡುವೆ ತಡೆಯಿಲ್ಲದೆ ಓಡುತ್ತೆ, ಇಡೀ ದಿನದಲ್ಲಿ ಆ ಹೆಮ್ಮೆ ನನಗೊಬ್ಬನಿಗೇ. ಮಧ್ಯಾಹ್ನದ ಹನ್ನೆರಡನ್ನು ಕೇಳಿ, ಅವನ ಗೋಳು ಬೇರೆ. ಗಂಟೆಗೆ 12 ನಿಮಿಷ ಮೀರಬಾರದು ಅಂತ ಕಾಯ್ದೆ ಇದೆ. ಇದೆ, ಅಷ್ಟೆ. ಏಪ್ರಿಲ್ 24, ರಾಜ್‌ಕುಮಾರ್ ಹುಟ್ಟುಹಬ್ಬ. ವರ್ಷಕ್ಕೊಂದು ದಿನ 'ಬೇಡರ ಕಣ್ಣಪ್ಪ'ನಿಗೆ ಹಗಲು ಕಾಣೋ ಭಾಗ್ಯ. ಒಂದು ಕಣ್ಣು ಕೊಟ್ಟಾಯಿತು. ಲಿಂಗದ ಇನ್ನೊಂದು ಕಣ್ಣಿನ ಜಾಗ ಗುರುತಿಗೆ ಕಾಲಿಟ್ಟ, ಬಾಣ ಎತ್ತಿದ. ಆಗ ಬಂತು ಬ್ರೇಕು. ಯಾವ ಜಾಹೀರಾತು ಅಂತೀರಿ? ಕಣ್ಣಿನ ಆಸ್ಪತ್ರೆ! ಉಚಿತ ತಪಾಸಣೆಯಂತೆ.

ಹುಟ್ಟುಹಬ್ಬ ಬಿಟ್ಟರೆ ಹಳೆಯ ಚಿತ್ರಗಳಿಗೆ ಹಗಲು ಸಿಗುವುದು ಯಾವಾಗ?

ಹೇಳಬಾರದು, ಆದರೂ ಹೇಳ್ತೀನಿ. ಯಾರಾದರೂ ತೀರಿಕೊಂಡಾಗ. ನಮ್ಮ ಕಡೆ ಹಳೇ ಸಿನಿಮಾಕ್ಕೆ ಪ್ರೈಮ್ ಟೈಮ್ ಕೊಡಿಸೋ ಅಧಿಕಾರ ಯಮನೊಬ್ಬನಿಗೇ ಇರೋದು. 2023ರ ಡಿಸೆಂಬರಿನಲ್ಲಿ ಲೀಲಾವತಿ ಅಮ್ಮ ಹೋದ್ರು, 2025ರ ಜುಲೈಯಲ್ಲಿ ಬಿ. ಸರೋಜಾದೇವಿ ಹೋದ್ರು. ಅವತ್ತು ಸುದ್ದಿವಾಹಿನಿಗಳಿಗೂ 1961ರ 'ಕಿತ್ತೂರು ಚೆನ್ನಮ್ಮ' ನೆನಪಾಯಿತು. ನಮ್ಮಲ್ಲಿ ಮಧ್ಯಾಹ್ನವೇ ಓಡಾಟ. 'ಇವರ ಸಿನಿಮಾ ನಮ್ಮ ಹತ್ತಿರ ಯಾವುದಿದೆ, ಕಲರ್ ಇದ್ರೆ ಕೊಡ್ರಿ' ಅಂತ. ಬದುಕಿದ್ದಾಗ ಆಕೆ ಒಂದು ಸಂಜೆ ಟೀವಿ ಹಾಕಿ ತಮ್ಮ ಸಿನಿಮಾ ತಾವೇ ನೋಡೋ ಹಾಗಿದ್ದಿದ್ರೆ? ಆ ವ್ಯವಸ್ಥೆ ಎಫ್‌ಪಿಸಿಯಲ್ಲಿ ಇಲ್ಲ.

ಬಡ್ತಿಗೆ ಇನ್ನೊಂದು ದಾರಿ ಬಣ್ಣ. 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣ ಹಚ್ಚಿಸಿಕೊಂಡು ಹೊರಟ, 'ಕಸ್ತೂರಿ ನಿವಾಸ' 2014ರಲ್ಲಿ. ಅದು ತಪ್ಪು ಅಂತ ನಾನನ್ನಲ್ಲ, ಥಿಯೇಟರಿನಲ್ಲಿ ಜನ ಮತ್ತೆ ನೋಡಿದ್ರು. ಆದ್ರೆ ನೆರಳು-ಬೆಳಕು ಲೆಕ್ಕ ಹಾಕಿ ದೀಪ ಇಟ್ಟ ಛಾಯಾಗ್ರಾಹಕನ ಕೆಲಸದ ಮೇಲೆ ಕಂಪ್ಯೂಟರಿನವನು ಸೀರೆಗೆ ಬಣ್ಣ ಆರಿಸೋದು ನನಗೆ ಯಾಕೋ ಒಗ್ಗಲ್ಲ.

ಹೊರದೇಶದಲ್ಲಿ ಪರಿಸ್ಥಿತಿ ಹೇಗಿದೆ? ಅಲ್ಲಿ ನಿಮ್ಮ ಬಂಧುಗಳಿದ್ದಾರಾ?

ಅಟ್ಲಾಂಟಾದಲ್ಲಿ ದೊಡ್ಡಪ್ಪನ ಮಗ ಇದ್ದಾನೆ. ಟರ್ನರ್ ಕ್ಲಾಸಿಕ್ ಮೂವೀಸ್ ಅಂತ ಚಾನೆಲ್ಲು. ಹುಟ್ಟಿದ್ದು 1994ರ ಏಪ್ರಿಲ್, ನಮ್ಮ ಉದಯಕ್ಕಿಂತ ಒಂದೂವರೆ ತಿಂಗಳು ದೊಡ್ಡವನು. ಇಪ್ಪತ್ತನಾಲ್ಕು ಗಂಟೆ ಹಳೇ ಸಿನಿಮಾ, ನಡುವೆ ಜಾಹೀರಾತಿಲ್ಲ. ಸಿನಿಮಾಕ್ಕೆ ಮುಂಚೆ ಒಬ್ಬರು ಬಂದು ಯಾರು ತೆಗೆದದ್ದು, ಯಾಕೆ ನೋಡಬೇಕು ಅಂತ ಎರಡು ಮಾತು ಹೇಳ್ತಾರೆ. ರಾಬರ್ಟ್ ಆಸ್ಬಾರ್ನ್ ಅನ್ನೋರು ಎರಡು ದಶಕ ಅದನ್ನೇ ಮಾಡಿದ್ರು. ಆಗಸ್ಟ್ ಬಂದ್ರೆ ದಿನಕ್ಕೊಬ್ಬ ನಟ ಅಥವಾ ನಟಿ, ಇಡೀ ದಿನ ಅವರದೇ ಸಿನಿಮಾ. ಸತ್ತವರಿಗೂ ಸಲ್ಲುತ್ತೆ, ಬದುಕಿದ್ದವರಿಗೂ ಸಲ್ಲುತ್ತೆ. 2023ರಲ್ಲಿ ಅಲ್ಲಿನ ಆಡಳಿತದವರು ಆ ಚಾನೆಲ್ಲಿನ ಜನರನ್ನು ಮನೆಗೆ ಕಳಿಸೋಕೆ ಹೊರಟಾಗ ಸ್ಪೀಲ್‌ಬರ್ಗ್, ಸ್ಕಾರ್ಸೆಸಿ ಎಲ್ಲ ಸೇರಿ ಮಾಲೀಕರ ಹತ್ತಿರ ಮಾತಾಡಿದ್ರು. ನನ್ನನ್ನು ತೆಗೆದರೆ ಯಾರು ಮಾತಾಡ್ತಾರೆ ಹೇಳಿ? ಎಟಿಎಂ ಕಾವಲಿನವರು ಮಾತಾಡಬಹುದು.

ಅಲ್ಲೂ ಅಭಿಮಾನಿಗಳು ಸುಮ್ಮನಿಲ್ಲ. ಎಪ್ಪತ್ತರ ದಶಕದ ಸಿನಿಮಾನ ಕ್ಲಾಸಿಕ್ ಅಂತ ಹಾಕ್ತೀರಲ್ಲ, ಲಜ್ಜೆ ಇಲ್ಲವಾ ಅಂತ ಜಗಳ ಮಾಡ್ತಾರಂತೆ. ಮಲ್ಲೇಶ್ವರದ ಬೆಂಚು ಎಲ್ಲ ದೇಶದಲ್ಲೂ ಇದೆ.

ಒಳ್ಳೆಯ ಸಿನಿಮಾ ಹಾಕಲು ಹಕ್ಕಿನ ತೊಡಕಿದೆ ಎನ್ನುತ್ತಾರಲ್ಲ?

ಕೆಲವಕ್ಕೆ ಇದೆ. ನಿರ್ಮಾಪಕರು ಸಾಲಕ್ಕೆ ಸಿಕ್ಕಿ ನೆಗೆಟಿವ್ ಹಕ್ಕನ್ನೇ ಮಾರಿದ್ದಾರೆ. ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು. ಈಗ ಯಾರದು ಅಂತ ಕೇಳಿದ್ರೆ ಮೂರು ಜನ ಕೈ ಎತ್ತುತ್ತಾರೆ. ಆದರೆ ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಸರ್ಕಾರಿ ನೌಕರರ ಹಾಗೆ 60ಕ್ಕೆ ನಿವೃತ್ತಿ. ಬಿಡುಗಡೆಯಾದ ಮುಂದಿನ ವರ್ಷದಿಂದ 60 ಎಣಿಸಬೇಕು. 'ಬೇಡರ ಕಣ್ಣಪ್ಪ' 1954ರದು, ಅವನು ಬಂಧಮುಕ್ತನಾಗಿ ಹತ್ತು ವರ್ಷ ದಾಟಿತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' 1964ರದು. 2024 ಮುಗಿದ ಕೂಡಲೇ ಅದೂ ನಾಡಿನ ಆಸ್ತಿ. ಹಕ್ಕು ಎಲ್ಲರದಾಯಿತು, ಡಬ್ಬ ಮಾತ್ರ ಇನ್ನೂ ಯಾರದೋ ಗೋಡೌನಿನಲ್ಲಿದೆ.

ನಮ್ಮ ಲೈಬ್ರರಿಯಲ್ಲಿ ಇರೋದು ಫಿಲ್ಮ್ ಅಲ್ಲ, ಟೇಪು. ಟೂರಿಂಗ್ ಟಾಕೀಸೆಲ್ಲ ಸುತ್ತಿ ಸವೆದ ಪ್ರಿಂಟಿನಿಂದ ಎಂದೋ ಇಳಿಸಿಕೊಂಡದ್ದು. ಮಳೆ ಬಿದ್ದ ಹಾಗೆ ಗೆರೆ. ಒಂದು ಸಾವಿರ ಅಡಿ ರೀಲು ಅಂದ್ರೆ 11 ನಿಮಿಷ. ಒಂದು ಸಿನಿಮಾದಲ್ಲಿ ಒಂದು ರೀಲು ಪೂರ್ತಿ ಇಲ್ಲ. ಹುಡುಗಿ ನೋಡೋಕೆ ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂತಾ ಕೂತಿರ್ತಾರೆ, ಮುಂದಿನ ದೃಶ್ಯದಲ್ಲಿ ಮಗು ಸ್ಲೇಟು ಹಿಡಿದು ಸ್ಕೂಲಿಗೆ ಹೊರಟಿರುತ್ತೆ. ವರ್ಷಾನುಗಟ್ಟಲೆ ಹಾಗೇ ಪ್ರಸಾರ ಮಾಡಿದ್ವಿ. ದಾವಣಗೆರೆಯ ಹಿರಿಯರೊಬ್ಬರು ಕಾರ್ಡು ಬರೆದು ಕೇಳಿದ್ರು: 'ಮದುವೆ ಯಾವಾಗ ಆಯಿತು, ನಮ್ಮನ್ನು ಕರೆಯಲಿಲ್ಲ.'

ರೇಟಿಂಗ್ ಬಂದರೆ ನಿಮಗೂ ಒಳ್ಳೆಯ ಹೊತ್ತು ಸಿಗಬಹುದಲ್ಲವೇ?

ಪ್ರತಿ ಗುರುವಾರ ಬರೋ ಟಿಆರ್‌ಪಿ ಅನ್ನೋದು ಹೇಗೆ ಗೊತ್ತಾ? ಇಡೀ ದೇಶದಲ್ಲಿ 50 ಸಾವಿರ ಚಿಲ್ಲರೆ ಮನೆಯಲ್ಲಿ ಮೀಟರು. ಯಾರ ಮನೆ ಅನ್ನೋದು ಗುಟ್ಟು. ಆ ಮನೆಯವರು ಏನು ನೋಡ್ತಾರೋ ನಾಡು ಅದನ್ನೇ ನೋಡಿತು ಅಂತ ಲೆಕ್ಕ. ಆಸ್ಪತ್ರೆ ವಾರ್ಡಿಗೆ ಮೀಟರಿಲ್ಲ, ನ್ಯೂಜೆರ್ಸಿಗೆ ಮೀಟರಿಲ್ಲ, ಸೌಂಡ್ ಇಳಿಸಿ ನೋಡೋ ಅಜ್ಜಿಯಂತೂ ಯಾವ ಲೆಕ್ಕಕ್ಕೂ ಸಿಗಲ್ಲ. ಆ ಮೀಟರು ಗುರುತು ಹಿಡಿಯೋದೇ ಸೌಂಡಿನಿಂದ. ನನ್ನ ರೇಟಿಂಗು ಸೊನ್ನೆ ಬಿಂದು ಸೊನ್ನೆ. ತೋರಿಸದೇ ಇದ್ರೆ ನೋಡಲ್ಲ, ನೋಡದೇ ಇದ್ರೆ ತೋರಿಸಲ್ಲ.

ಕಡೆಯದಾಗಿ, ಓದುಗರಿಗೆ ಏನಾದರೂ ಹೇಳುವುದಿದೆಯಾ? ಆರೂವರೆ ಆಗ್ತಾ ಬಂತು.

ಹೌದು, ಜ್ಯೋತಿಷಿಗಳು ಮೈಕು ಸಿಕ್ಕಿಸಿಕೊಳ್ತಾ ಇದ್ದಾರೆ. ಬೇಗ ಹೇಳಿಬಿಡ್ತೀನಿ. ನನ್ನ ಹೊತ್ತು ಬದಲಾಯಿಸಿ ಅಂತ ಕೇಳಲ್ಲ. ವಾರದ ಪಟ್ಟಿಯಲ್ಲಿ 'ಎನಿ' ತೆಗೆದು ಸಿನಿಮಾದ ಹೆಸರು ಹಾಕಲಿ, ಬೇಕಾದವರು ರೆಕಾರ್ಡ್ ಮಾಡಿಟ್ಟುಕೊಳ್ತಾರೆ. ಟೈಟಲ್ ಕಾರ್ಡಿನಿಂದ ಶುಭಂವರೆಗೆ ಪೂರ್ತಿ ಬಿಡಲಿ, ಎರಡು ಬದಿಯ ಕಪ್ಪು ಪಟ್ಟಿಗೆ ಹೆದರಬೇಡಿ ಅಂತ ವಾಹಿನಿಯವರಿಗೆ ನೀವೇ ಒಂದು ಸಾಲು ಬರೆಯಿರಿ.

ಇನ್ನೊಂದು ಮಾತು. 1977ರ 'ಘಟಶ್ರಾದ್ಧ'ವನ್ನು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಫ್ರೇಮು ಫ್ರೇಮು ತೊಳೆದು ಸರಿಮಾಡಿದ್ರು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನ ಆಯಿತು. ಅದು ಸಾಧ್ಯವಾದದ್ದು ಫಿಲ್ಮ್ ಉಳಿದಿತ್ತು ಅಂತ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಗೆ ಬಂತು, ಅದರ ಒಂದು ಪ್ರತಿಯೂ ಇವತ್ತು ನಮಗಿಲ್ಲ. ಎಷ್ಟೋ ಪ್ರಿಂಟುಗಳನ್ನು ಬೆಳ್ಳಿ ತೆಗೆಯೋಕೆ ಅಂತಲೇ ಕರಗಿಸಿದ್ದಾರೆ. ನಿಮ್ಮಲ್ಲಿ ಯಾರ ಮನೆಯವರಾದರೂ ಹಿಂದೆ ಟಾಕೀಸು ನಡೆಸಿದ್ರೆ, ಹಂಚಿಕೆದಾರರಾಗಿದ್ರೆ, ಅಟ್ಟ ಹತ್ತಿ ನೋಡಿ. ತಗಡಿನ ದುಂಡು ಡಬ್ಬ ಸಿಕ್ಕಿ, ತೆಗೆದಾಗ ವಿನೆಗರ್ ಥರ ಹುಳಿವಾಸನೆ ಹೊಡೆದರೆ ಒಳಗಿರೋ ಫಿಲ್ಮು ಕೊಳೆಯೋಕೆ ಶುರುವಾಗಿದೆ ಅಂತ ಅರ್ಥ. ಬಿಚ್ಚೋಕೆ ಹೋಗಬೇಡಿ, ಬಿಸಿಲಿಗೆ ಇಡಬೇಡಿ, ಬೆಂಕಿಯ ಹತ್ತಿರವಂತೂ ಬೇಡವೇ ಬೇಡ. ಗುಜರಿಯವನಿಗೆ ಕೊಡದೆ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆದು ತಿಳಿಸಿ.